ಪೌತಿ ಖಾತೆ ಅರ್ಜಿ: ಎಲ್ಲ ಆನ್‌ಲೈನ್ ಆದಮೇಲೂ ನಿಲ್ಲುವುದೆಲ್ಲಿ?

ತೋಟದಮನೆ, ಶಿರಸಿ:
ಅಡಿಕೆ ತೋಟದ ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದೆ. ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಅರ್ಜಿಯನ್ನು ನಾಡಕಚೇರಿಗೆ ಕೊಡಬೇಕು. ಯಾವುದನ್ನು ಮೊದಲೇ ಸರಿಮಾಡಿಕೊಳ್ಳಬೇಕು? ಇಷ್ಟು ವರ್ಷದ ಕಂಪ್ಯೂಟರೀಕರಣದ ನಂತರವೂ ಅರ್ಜಿಗಳು ಯಾಕೆ ಕೂರುತ್ತವೆ?

ಕಾಲಂ ಒಂಬತ್ತು:
ಹೆಚ್ಚಿನವು ಹೆಸರಲ್ಲೇ ಸಿಕ್ಕಿಬೀಳುತ್ತವೆ. ಪಹಣಿಯಲ್ಲಿ ಮಾಲೀಕರ ಹೆಸರಿರುವ 9ನೇ ಕಾಲಂನಲ್ಲಿ 'ಸುಬ್ರಾಯ ಗಣಪತಿ ಹೆಗಡೆ', ಮರಣ ಪತ್ರದಲ್ಲಿ 'ಸುಬ್ರಹ್ಮಣ್ಯ ಹೆಗಡೆ' ಎಂದಿದ್ದರೆ ಇಬ್ಬರೂ ಒಬ್ಬರೇ ಎಂದು ತೋರಿಸುವ ಅಫಿಡವಿಟ್ ಜೊತೆಗಿರಲಿ. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಬಿಡಬೇಡಿ. ಮುಂದೆ ತಕರಾರು ಬರುವುದೇ ಅಲ್ಲಿಂದ. ಅಜ್ಜನ ಮರಣ ನೋಂದಣಿಯೇ ಆಗಿಲ್ಲದಿದ್ದರೆ ಅದು ಬೇರೆಯೇ ಕೆಲಸ: ವರ್ಷ ದಾಟಿದ್ದಕ್ಕೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಅದನ್ನು ಮುಗಿಸಿಯೇ ಪೌತಿಗೆ ಹೋಗಿ.

ಘಟ್ಟದ ಕೆಳಗೆ:
ಎರಡನೇ ಪ್ರಶ್ನೆಗೆ. ರಾಜ್ಯದ ಭೂದಾಖಲೆ ಕಂಪ್ಯೂಟರೀಕರಣ ಯೋಜನೆ 'ಭೂಮಿ'ಯಲ್ಲಿ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿದವು. ಆದರೆ ಅದನ್ನು ಗೆಲ್ಲಿಸಿದ್ದು ಯಂತ್ರವಲ್ಲ, ಕೈಬರಹದ ಪಹಣಿಗೆ ಇನ್ನು ಮಾನ್ಯತೆ ಇಲ್ಲ ಎಂಬ ಸರ್ಕಾರದ ಆದೇಶ. ಹಳೆ ವಹಿ ಉಳಿದಿದ್ದರೆ ಎರಡೂ ನಡೆಯುತ್ತಿದ್ದವು, ಗೊಂದಲ ದುಪ್ಪಟ್ಟಾಗುತ್ತಿತ್ತು. ಬೆರಳಚ್ಚಿನ ಲಾಗಿನ್, ಮೊದಲು ಬಂದ ಅರ್ಜಿಗೆ ಮೊದಲ ಸರದಿ ಎಂಬ ನಿಯಮ ಇವೆರಡೂ ಟೇಬಲ್ಲಿನ ಕಳ್ಳದಾರಿಗಳನ್ನು ಮುಚ್ಚಿದವು. ಸ್ಥಳ ವಿಚಾರಣೆ ಮಾತ್ರ ಮನುಷ್ಯನ ಕೈಯಲ್ಲೇ ಉಳಿಯಿತು. ಮಳೆಗಾಲದಲ್ಲಿ ಅದೇ ಗ್ರಾಮ ಆಡಳಿತ ಅಧಿಕಾರಿ ಬಿದ್ದ ಮನೆ, ಕೊಚ್ಚಿಹೋದ ಗದ್ದೆಯ ವರದಿಗೂ ಓಡಬೇಕು. ಸರ್ವರ್‌ಗೆ ಬೈದರೆ ಆಗದು. ಅದು ಹುದ್ದೆ ತುಂಬುವ ಪ್ರಶ್ನೆ.

ಕಾಲಂ ಒಂಬತ್ತು:
ಒಪ್ಪಿದೆ. ಆದರೂ ಸ್ವೀಕೃತಿಯಲ್ಲಿರುವ ಸಕಾಲ (ಸರ್ಕಾರಿ ಸೇವೆಗೆ ಗಡುವು ಕಟ್ಟುವ ಕಾಯ್ದೆ) ಸಂಖ್ಯೆಯನ್ನು ಜೋಪಾನ ಮಾಡಿ. ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ಪರಿಹಾರವಿದೆ. ಮೊತ್ತ ಪುಡಿಗಾಸು, ಅದಕ್ಕಾಗಿ ಯಾರೂ ಹೋಗುವುದಿಲ್ಲ. ಮೇಲ್ಮನವಿ ಬಿದ್ದರೆ ತಡವಾದದ್ದು ಯಾರ ಹಂತದಲ್ಲಿ ಎಂಬುದು ದಾಖಲಾಗುತ್ತದೆ, ಲಾಭ ಅಲ್ಲಿದೆ. ಅರ್ಜಿ ತಿರಸ್ಕಾರವಾದರೆ ದಾರಿಯೇ ಬೇರೆ: ಭೂಕಂದಾಯ ಕಾಯ್ದೆ 136(2)ರಡಿ ಉಪವಿಭಾಗಾಧಿಕಾರಿಗಳಿಗೆ ಅಪೀಲು.

ತೋಟದಮನೆ, ಶಿರಸಿ:
ಒಬ್ಬ ಚಿಕ್ಕಪ್ಪ ಸಹಿ ಹಾಕಲು ಒಪ್ಪುತ್ತಿಲ್ಲ. ಏನು ಮಾಡುವುದು?

ಘಟ್ಟದ ಕೆಳಗೆ:
ಪೌತಿ ಎಂದರೆ ಪಾಲಲ್ಲ. ವಾರಸುದಾರರೆಲ್ಲರ ಹೆಸರು ಜಂಟಿಯಾಗಿ ಕೂರುತ್ತದೆ, ಅವರದ್ದೂ ಸೇರಿ. ಇದನ್ನು ಅವರಿಗೆ ಮೊದಲು ಬಿಡಿಸಿ ಹೇಳಿ. ಲಿಖಿತ ತಕರಾರು ಕೊಟ್ಟರೆ ಮಾತ್ರ ಅದು ವಿವಾದಿತ ಪ್ರಕರಣವಾಗಿ ವಿಚಾರಣೆಗೆ ಹೋಗುತ್ತದೆ. ಹಿಸ್ಸೆ (ಜಮೀನಿನ ಪಾಲು), ಅದಕ್ಕೆ ಬೇಕಾಗುವ 11ಇ ಅಳತೆ ನಕ್ಷೆಯ ಮಾತು ಆಮೇಲೆ.