ಮನೆಯ ಹಳೆಯ ವಸ್ತುಗಳಿಂದ ಕ್ರಿಸ್‌ಮಸ್ ಅಲಂಕಾರ: ನಿಮ್ಮ ಅನುಭವ ತಿಳಿಸಿ

ಪ್ರಶ್ನೆ (ಕೊಪ್ಪಳ):
ಎಲ್ಲರಿಗೂ ನಮಸ್ಕಾರ. ಈ ವರ್ಷ ಮೊದಲ ಬಾರಿಗೆ ಮನೆಯಲ್ಲಿ ಕ್ರಿಸ್‌ಮಸ್ ಗಿಡ ಇಡುತ್ತಿದ್ದೇವೆ. ಬಾಡಿಗೆ ಮನೆ, ಮೂರು ಅಡಿಯ ಗಿಡ. ಮಗಳಿಗೆ ಐದು ವರ್ಷ. ಮಗನಿಗೆ ಒಂದೂವರೆ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾನೆ. ಅಂಗಡಿಯಿಂದ ಏನನ್ನೂ ತರದೆ ಹಳೆಯ ಬಳೆ, ಮದುವೆ ಪತ್ರಿಕೆ, ಗುಂಡಿ, ಉಲ್ಲನ್ ದಾರದಿಂದಲೇ ಅಲಂಕಾರ ಮಾಡುವ ಆಸೆ. ಹತ್ತು ದಿನ ಉಳಿದಿದೆ. ಯಾವುದು ಸುಲಭ? ಮಕ್ಕಳಿಗೆ ಅಪಾಯವಿಲ್ಲದ್ದು ಯಾವುದು?

ಕೌಲ್ ಬಜಾರ್, ಬಳ್ಳಾರಿ:
ಆರು ವರ್ಷಗಳಿಂದ ನಮ್ಮ ಗಿಡಕ್ಕೆ ಜೀನ್ಸ್ ಬಿಟ್ಟು ಬೇರೇನೂ ಏರಿಲ್ಲ. ನಮ್ಮ ಯಜಮಾನರು ಜೀನ್ಸ್ ಹೊಲಿಯುವ ಘಟಕದಲ್ಲಿ ಬಟ್ಟೆ ಕತ್ತರಿಸುವವರು. ಮನೆಯಲ್ಲಿ ಚೂರುಗಳಿಗೆ ಬರವಿಲ್ಲ. ಎರಡು ನಕ್ಷತ್ರಗಳನ್ನು ಬೆನ್ನಿಗೆ ಬೆನ್ನು ಇಟ್ಟು, ಅಂಚಿನಿಂದ ಕಾಲು ಅಂಗುಲ ಒಳಗೆ ಹೊಲಿದು, ಹಳೆಯ ದಿಂಬಿನ ಹತ್ತಿ ತುಂಬುತ್ತೇನೆ. ಆಮೇಲೆ ಅಂಚಿನ ನೀಲಿ ಎಳೆಗಳನ್ನು ಸೂಜಿಯ ಮೊನೆಯಿಂದ ಒಂದೊಂದಾಗಿ ಬಿಡಿಸಬೇಕು. ಆಗ ಒಳಗಿನ ಬಿಳಿ ಹೊಕ್ಕು ನೂಲು, ಅಂದರೆ ಅಡ್ಡ ಎಳೆ ಮಾತ್ರ ಉಳಿದು, ನಕ್ಷತ್ರದ ಸುತ್ತ ಮಂಜು ಕಟ್ಟಿದಂತೆ ಕಾಣುತ್ತದೆ.

ನಷ್ಟವನ್ನೂ ಹೇಳುತ್ತೇನೆ. 2021ರಲ್ಲಿ ಒಗೆಯದ ಹೊಸ ಚೂರುಗಳಿಂದ ನಲವತ್ತೆರಡು ನಕ್ಷತ್ರ ಹೊಲಿದು ಗೋದಲಿಯ ಮೇಲೆ ತೂಗುಹಾಕಿದೆ. ಕೆಳಗೆ ಹಾಸಿದ್ದು ನನ್ನ ತಾಯಿ ಕಸೂತಿ ಹಾಕಿದ ಬಿಳಿ ಬಟ್ಟೆ. ಮಕ್ಕಳು ಗಿಡಕ್ಕೆ ನೀರು ಚಿಮುಕಿಸಿದರು. ಬೆಳಿಗ್ಗೆ ನೋಡಿದರೆ ಬಾಲಯೇಸುವಿನ ಸುತ್ತ ನೀಲಿ ಮಚ್ಚೆಗಳು. ತೊಳೆಸಲು ಮೊದಲ ಬಾರಿ 180 ರೂಪಾಯಿ, ಎರಡನೆಯ ಬಾರಿ 220. ಕಲೆ ಇಂದಿಗೂ ಹೋಗಿಲ್ಲ, ಅಮ್ಮನೂ ಈಗಿಲ್ಲ. ಅಂದಿನಿಂದ ಪ್ರತಿ ಚೂರನ್ನೂ ಉಪ್ಪು, ವಿನೆಗರ್ ನೀರಿನಲ್ಲಿ ರಾತ್ರಿಯಿಡೀ ನೆನೆಸುತ್ತೇನೆ.

ಶಕ್ತಿನಗರ, ರಾಯಚೂರು:
ಅಕ್ಕನವರು ಕ್ಷಮಿಸಬೇಕು, ಜೀನ್ಸ್ ಹೊತ್ತ ಗಿಡ ನನ್ನ ಕಣ್ಣಿಗೆ ಬಟ್ಟೆ ಒಣಹಾಕಿದ ಹಗ್ಗದಂತೆಯೇ ಕಾಣುತ್ತದೆ. ಮೊಟ್ಟೆಯ ಚಿಪ್ಪಿನ ಹಗುರ ಬೇರೆ ಯಾವುದಕ್ಕೂ ಬರುವುದಿಲ್ಲ. ಎರಡು ತುದಿಗೂ ದಬ್ಬಳದಿಂದ ತೂತು ಮಾಡಿ, ಒಳಗಿನ ಹಳದಿಯನ್ನು ಕದಡಿ, ಊದಿ ತೆಗೆಯಬೇಕು.

ನನ್ನ ಲೆಕ್ಕ ಇಲ್ಲಿದೆ. ಎರಡು ತಿಂಗಳಲ್ಲಿ ಅರವತ್ತು ಮೊಟ್ಟೆ. ಊದುವಾಗ ಒಡೆದದ್ದು ಇಪ್ಪತ್ತಮೂರು. ತೂತು ತೀರ ಚಿಕ್ಕದಾಗಿತ್ತು, ತಪ್ಪು ನನ್ನದೇ. ತೊಳೆಯುವಾಗ ಒಂಬತ್ತು. ಉಳಿದ ಇಪ್ಪತ್ತೆಂಟಕ್ಕೆ ಬಣ್ಣ ಬಳಿದು ಕಪಾಟಿನ ಮೇಲಿಟ್ಟರೆ, ಒಳಗೆ ಸರಿಯಾಗಿ ತೊಳೆಯದ ಹನ್ನೊಂದನ್ನು ಇಲಿ ಕಡಿದುಹಾಕಿತು. ಬಣ್ಣಕ್ಕೆ 180, ವಾರ್ನಿಷ್‌ಗೆ 95. ಹದಿನೇಳು ಚಿಪ್ಪುಗಳಿಗೆ 275 ರೂಪಾಯಿ ಎಂದರೆ ಒಂದಕ್ಕೆ ಹದಿನಾರು ರೂಪಾಯಿಯ ಮೇಲೆ. ಆದರೂ ಆ ಹದಿನೇಳರಲ್ಲಿ ಹದಿನಾಲ್ಕು ನಾಲ್ಕನೆಯ ವರ್ಷವೂ ತೂಗುತ್ತಿವೆ.

ಬಣ್ಣದ ಕೆಲಸದವನು, ಬಳ್ಳಾರಿ:
ಕೌಲ್ ಬಜಾರಿನ ಅಕ್ಕ, ಉಪ್ಪಿಗೂ ವಿನೆಗರ್‌ಗೂ ಇಂಡಿಗೊ, ಅಂದರೆ ಜೀನ್ಸಿನ ನೀಲಿ, ನಿಲ್ಲುವುದಿಲ್ಲ. ಅದು ನೂಲಿನ ಒಳಕ್ಕೆ ಪೂರ್ತಿ ಇಳಿಯದೆ ಮೇಲ್ಮೈಯಲ್ಲೇ ಕೂರುವ ಬಣ್ಣ, ಹಾಗಾಗಿಯೇ ಉಜ್ಜಿದರೆ ಬಿಡುತ್ತದೆ. ನೀರು ತಿಳಿಯಾಗುವವರೆಗೆ ಸೋಪು ಹಾಕಿ ನಾಲ್ಕೈದು ಬಾರಿ ಒಗೆಯಿರಿ. ಹದಿನೆಂಟು ವರ್ಷ ಈ ನೀರಿನಲ್ಲೇ ಕೈಯಾಡಿಸಿದ್ದೇನೆ.

ಕೌಲ್ ಬಜಾರ್, ಬಳ್ಳಾರಿ:
ನೆನೆಸಲು ಆರಂಭಿಸಿದ ಮೇಲೆ ನನ್ನ ಮನೆಯಲ್ಲಿ ಒಂದು ಹನಿ ನೀಲಿಯೂ ಇಳಿದಿಲ್ಲ. ನನ್ನ ಕಣ್ಣಿಂದ ಕಂಡದ್ದನ್ನು ಹೇಳಿದ್ದೇನೆ.

ಬಣ್ಣದ ಕೆಲಸದವನು, ಬಳ್ಳಾರಿ:
ನೆನೆಸಿದ ಮೇಲೆ ಜಾಲಾಡಿದಿರಲ್ಲ, ಬಣ್ಣ ಹೋದದ್ದು ಅದರಿಂದ. ಉಪ್ಪಿನಿಂದಲ್ಲ.

ಭಾಗ್ಯನಗರ, ಕೊಪ್ಪಳ:
ಮದುವೆ ಪತ್ರಿಕೆ ಎಂದು ಓದಿ ಬರೆಯುತ್ತಿದ್ದೇನೆ. ಕಿನ್ನಾಳದ ಕಲಾವಿದರು ಮರದ ಗೊಂಬೆಗಳಿಗೆ ಹುಣಸೆ ಬೀಜದ ಅಂಟು ಬಳಸುತ್ತಾರಲ್ಲ, ಅದೇ ಅಂಟನ್ನು ಪತ್ರಿಕೆಗಳ ತಿರುಳಿಗೆ ಸೇರಿಸಿದೆ. ಬೀಜ ಹುರಿದು, ಸಿಪ್ಪೆ ತೆಗೆದು, ಎರಡು ದಿನ ನೆನೆಸಿ, ನುಣ್ಣಗೆ ರುಬ್ಬಿ, ತಳ ಹಿಡಿಯದಂತೆ ಕುದಿಸಬೇಕು. ತಿರುಳನ್ನು ಎಣ್ಣೆ ಸವರಿದ ಪಡ್ಡಿನ ಹಂಚಿನ ಗುಳಿಗಳಲ್ಲಿ ಒತ್ತಿ, ಒಣಗಿದ ಮೇಲೆ ಎರಡು ಅರ್ಧಗಳನ್ನು ಕೂಡಿಸಿದರೆ ಗುಂಡಗಿನ ಚೆಂಡು. ಚಿನ್ನದ ಬಣ್ಣದ ಅಕ್ಷರಗಳು ಅಲ್ಲಲ್ಲಿ ಚೂರಾಗಿ ಮಿನುಗುತ್ತವೆ. ನಾದಿನಿಯ ಪತ್ರಿಕೆಯಿಂದ ಮಾಡಿದ ಚೆಂಡಿನಲ್ಲಿ ‘ಶುಭ’ ಎಂಬ ಎರಡು ಅಕ್ಷರ ಹಾಗೆಯೇ ಉಳಿದಿದೆ.

ಮೊದಲ ವರ್ಷ ಬೂಸ್ಟು ಹಿಡಿಯಿತು. ಮೂರು ದಿನಕ್ಕೇ ಒಣಗಿತೆಂದು ಡಬ್ಬಿಗೆ ತುಂಬಿದ್ದೆ. ಎರಡನೆಯ ವರ್ಷ ಹುಳು ತಿಂದು ಇಪ್ಪತ್ತಾರು ಚೆಂಡು ಪುಡಿಯಾದವು. ಹನ್ನೆರಡು ದಿನದ ದುಡಿಮೆ! ಈಗ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುತ್ತೇನೆ, ಹುಳುವಿನ ಸುಳಿವಿಲ್ಲ.

ಸಿಂಧನೂರು:
ಮೈಲುತುತ್ತ ವಿಷ. ಬಾಯಿಗೆ ಹಾಕುವ ಮಗು ಇದೆ ಎಂದು ಪ್ರಶ್ನೆಯಲ್ಲೇ ಬರೆದಿದ್ದಾರೆ. ಓದಿದಿರಾ?

ಭಾಗ್ಯನಗರ, ಕೊಪ್ಪಳ:
ಮೇಲೆ ಎರಡು ಸಲ ಬಣ್ಣ ಬಳಿಯುತ್ತೇನೆ. ನನ್ನ ಮೊಮ್ಮಕ್ಕಳೂ ಇದೇ ಮನೆಯಲ್ಲಿ ಬೆಳೆಯುತ್ತಿದ್ದಾರೆ.

ಸಿಂಧನೂರು:
ಮಗು ಕಚ್ಚಿದರೆ ಬಣ್ಣ ಏನು ತಡೆಯುತ್ತದೆ? ಭತ್ತದ ಹುಲ್ಲು ಸೀಳಿ, ಇಸ್ತ್ರಿ ಮಾಡಿ, ದಾರ ಕಟ್ಟಿ ನಕ್ಷತ್ರ ಮಾಡಿ. ಖರ್ಚೂ ಇಲ್ಲ, ವಿಷವೂ ಇಲ್ಲ.

ಗಾಂಧಿನಗರ, ಬಳ್ಳಾರಿ:
ಕೆಟ್ಟುಹೋದ ಹಳೆಯ ಕಾಲದ ಬಲ್ಬುಗಳನ್ನು ನೋಡಿ ಯಾರಾದರೂ ಆಸೆಪಡುವ ಮೊದಲು ನನ್ನದನ್ನು ಕೇಳಿ. ಜರ್ಮನಿಯ ಲೌಷಾ ಊರಿನ ಗಾಜು ಊದುವವರು 19ನೇ ಶತಮಾನದಲ್ಲಿ ಗೋಲಗಳನ್ನು ಮಾಡಿ, ಒಳಗೋಡೆಗೆ ಬೆಳ್ಳಿಯ ದ್ರಾವಣ ಹಿಡಿಸಿ ಕನ್ನಡಿಯಂತೆ ಹೊಳೆಯಿಸುತ್ತಿದ್ದರೆಂದು ಓದಿ ತಲೆ ಕೆಟ್ಟಿತ್ತು. ಬಲ್ಬಿನ ತಳದ ಕಪ್ಪು ಗಾಜನ್ನು ಇಕ್ಕಳದಿಂದ ಮುರಿದು, ಒಳಗಿನ ತಂತಿ ತೆಗೆದು, ಬಣ್ಣ ತುಂಬುವ ಯೋಜನೆ. ಏಳು ಬಲ್ಬು ಸರಿಯಾಗಿ ಬಂದವು. ಎಂಟನೆಯದು ಅಂಗೈಯಲ್ಲೇ ಸಿಡಿಯಿತು. ಹೆಬ್ಬೆರಳಿನ ಬುಡಕ್ಕೆ ಐದು ಹೊಲಿಗೆ. ಔಷಧ, ಚುಚ್ಚುಮದ್ದು, ಆಟೊ ಎಲ್ಲ ಸೇರಿ 1,640 ರೂಪಾಯಿ, ಮೂರು ವಾರ ಕೆಲಸವಿಲ್ಲ. ಬಲ್ಬನ್ನು ಒಡೆಯಬೇಡಿ. ಹೊರಗಿನಿಂದ ಬಣ್ಣ ಬಳಿದರೆ ಸಾಕು. ಸಿಎಫ್‌ಎಲ್ ದೀಪವನ್ನಂತೂ ಮುಟ್ಟಲೇಬೇಡಿ, ಒಡೆದರೆ ಪಾದರಸವಿದೆ.

ಗಿಡಕ್ಕೆ ನಾನು ಬಳ್ಳಾರಿ ಜಾಲಿಯ ಒಣ ಕೊಂಬೆ ತರುತ್ತೇನೆ. ಮುಳ್ಳೇ ಕೊಕ್ಕೆ, ತಂತಿ ಬೇಡ.

ಶಕ್ತಿನಗರ, ರಾಯಚೂರು:
ಮಕ್ಕಳಿರುವ ಮನೆಗೆ ಜಾಲಿಯೇ? ಆ ಮುಳ್ಳು ಚುಚ್ಚಿದರೆ ವಾರಗಟ್ಟಲೆ ಕೀವು. ಸರ್ವೆಯ ಕೊಂಬೆ ತನ್ನಿ. ಬಳ್ಳಾರಿಯವರಿಗೆ ಜಾಲಿಯ ಮೇಲೆ ಪ್ರೀತಿ ಇರುವುದು ಸಹಜ, ಹೆಸರೇ ಹಾಗಿದೆ.

ಗಾಂಧಿನಗರ, ಬಳ್ಳಾರಿ:
ಆ ಹೆಸರು ನಮಗೆ ಅಂಟಿದ್ದು, ನಾವು ಇಟ್ಟದ್ದಲ್ಲ. ಅದು ಅಮೆರಿಕ ಖಂಡದಿಂದ ಬಂದ ಗಿಡ. ನಿಮ್ಮ ರಾಯಚೂರಿನ ಬಯಲಿನಲ್ಲೇನು ಕಡಿಮೆ ಇದೆಯೇ?

ಕೌಲ್ ಬಜಾರ್, ಬಳ್ಳಾರಿ:
ಊರಿನ ಮಾತು ತೆಗೆಯಬೇಡಿ, ಸರ್. ಇಲಿ ತಿಂದ ಮೊಟ್ಟೆಗಿಂತ ನಮ್ಮ ಒಣಹಾಕಿದ ಬಟ್ಟೆ ಎಷ್ಟೋ ಮೇಲು.

ಕೊಪ್ಪಳ (ಪ್ರಶ್ನೆ ಕೇಳಿದವಳು):
ಎಲ್ಲರಿಗೂ ಧನ್ಯವಾದ. ಸಿಂಧನೂರಿನವರು ಮಗುವಿನ ಮಾತು ಎತ್ತಿದ್ದಕ್ಕೆ ವಿಶೇಷವಾಗಿ. ಗಾಜಿನ ಬಳೆ ಬಿಟ್ಟು ಹಳೆಯ ಪ್ಲಾಸ್ಟಿಕ್ ಬಳೆಗಳನ್ನೇ ಹುಡುಕಿದೆ, ಹದಿಮೂರು ಸಿಕ್ಕವು. ನಿನ್ನೆ ರಾತ್ರಿ ಮಗಳು ಅವುಗಳಿಗೆ ಕೆಂಪು ಉಲ್ಲನ್ ಸುತ್ತಿದಳು. ಒಂದು ಕಡೆ ದಪ್ಪ, ಒಂದು ಕಡೆ ಬಳೆಯ ಹಸಿರೇ ಕಾಣುತ್ತಿದೆ. ಬಿಚ್ಚಿ ಸರಿಮಾಡಲು ಹೋದರೆ ಅತ್ತಳು, ಹಾಗೆಯೇ ಬಿಟ್ಟಿದ್ದೇನೆ. ಗುಂಡಿಗಳನ್ನು ಮಗನ ಕೈಗೆ ಎಟುಕದಂತೆ ಎತ್ತಿಟ್ಟೆ. ಬಳೆಗಳು ಕೆಳಗಿನ ಕೊಂಬೆಗೆ, ಅವನು ಎಳೆದರೂ ಚಿಂತೆಯಿಲ್ಲ.

ಗಾಂಧಿನಗರದ ಅಣ್ಣ, ಈಗ ಹೆಬ್ಬೆರಳು ಪೂರ್ತಿ ಮಡಚಲು ಬರುತ್ತದೆಯೇ?

ಗಾಂಧಿನಗರ, ಬಳ್ಳಾರಿ:
ಬರುತ್ತದೆ ತಂಗಿ. ಚಳಿಗೆ ಸ್ವಲ್ಪ ಸೆಳೆಯುತ್ತದೆ, ಅಷ್ಟೇ.