ಶಾಲಾ ಮಕ್ಕಳ ಕಿಡ್ನಿ ಆರೋಗ್ಯ: ಮುಂಬಯಿಯ 8 ಕನ್ನಡ ಶಾಲೆಗಳಲ್ಲಿ ಟ್ರಯಲ್ ಮಾಡಬಹುದೇ?

ಮಾಟುಂಗಾವಾಸಿ (ಪ್ರಶ್ನೆ)

ನಮಸ್ಕಾರ. ಮುಂಬಯಿ ಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ 5ರಿಂದ 7ನೇ ಇಯತ್ತೆಯ (ತರಗತಿಯ) ಮಕ್ಕಳಿಗಾಗಿ ಒಂದು ಅಧ್ಯಯನದ ಕರಡು ತಯಾರಾಗುತ್ತಿದೆ. ನೀರು ಕುಡಿಯುವುದು, ಒಂದಕ್ಕೆ ತಡೆದುಕೊಂಡು ಕೂರದಿರುವುದು, ಮಲಬದ್ಧತೆ ತಪ್ಪಿಸುವುದು, ಈ ವಿಷಯಗಳ ಮೇಲೆ 35 ನಿಮಿಷದ 4 ಪಾಠ, ಜೊತೆಗೆ ದಿನಕ್ಕೆ 3 ಸಲ ನೀರಿನ ಗಂಟೆ. 8 ಶಾಲೆಗಳಲ್ಲಿ 4ಕ್ಕೆ ಪಾಠ, ಉಳಿದ 4ಕ್ಕೆ ಸದ್ಯಕ್ಕೆ ಇಲ್ಲ. ಶಾಲೆಗೆ 40 ಮಕ್ಕಳು. ಜೂನ್‌ನಲ್ಲಿ ಮೊದಲ ಅಳತೆ, ಮಾರ್ಚ್‌ನಲ್ಲಿ ಕೊನೆಯದು. ಎಲ್ಲರಿಗೂ ಡಿಪ್‌ಸ್ಟಿಕ್ (ಬಣ್ಣ ಬದಲಿಸುವ ಸ್ಟ್ರಿಪ್ ಅದ್ದಿ ನೋಡುವ) ಮೂತ್ರ ಪರೀಕ್ಷೆ; ಪ್ರೋಟೀನ್ ಪಾಸಿಟಿವ್ ಬರುವವರ ಪ್ರಮಾಣ ಇಳಿದರೆ ಪಾಠ ಫಲಿಸಿತೆಂದು ಲೆಕ್ಕ.

320 ಮಕ್ಕಳು ಸಾಕೇ? ಡಿಪ್‌ಸ್ಟಿಕ್‌ನಲ್ಲಿ ಎಲ್ಲಿ ಎಡವಬಹುದು? ಹೆತ್ತವರ ಒಪ್ಪಿಗೆ ಹೇಗೆ ತೆಗೆದುಕೊಳ್ಳಬೇಕು?

ಪರೇಲ್ ಡಾಕ್ಟರ್

ಪ್ರೋಟೀನ್ ಇಳಿದರೆ ಪಾಠ ಫಲಿಸಿತೆಂಬ ಸಾಲನ್ನು ಮೊದಲು ಕರಡಿನಿಂದ ತೆಗೆಯಿರಿ. ಎಂಟೊಂಬತ್ತು ತಿಂಗಳ ಪಾಠದಿಂದ ಪ್ರೋಟೀನ್ ಪಾಸಿಟಿವ್ ಇಳಿಯುವುದಿಲ್ಲ. ನಿಜವಾದ ಕಿಡ್ನಿ ತೊಂದರೆಯಿಂದ ಬರುವ ಪ್ರೋಟೀನ್ ಈ ವಯಸ್ಸಿನಲ್ಲಿ ಅಪರೂಪ. ಉಳಿದದ್ದು ಜ್ವರ, ಆಟದ ಪೀರಿಯಡ್, ಹೆಚ್ಚು ಹೊತ್ತು ನಿಂತಿರುವುದು, ಗಟ್ಟಿ ಮೂತ್ರ ಇವುಗಳಿಂದ ಬಂದು ಹೋಗುವಂಥದ್ದು. ಇಳಿದಂತೆ ಕಂಡರೂ ಅದು ಮೂತ್ರ ತೆಳುವಾದ್ದರಿಂದ ಇರಬಹುದು, ಏಕೆಂದರೆ ಡಿಪ್‌ಸ್ಟಿಕ್ ಅಳೆಯುವುದು ಸಾಂದ್ರತೆಯನ್ನು. ನೀರು ಕುಡಿಸಿದರೆ 1+ (ಪಾಸಿಟಿವ್‌ನ ಕೆಳಗಿನ ಮೆಟ್ಟಿಲು) ಇದ್ದದ್ದು ಟ್ರೇಸ್ (ತೀರಾ ಅಲ್ಪ) ಆಗುತ್ತದೆ, ಕಿಡ್ನಿ ಇದ್ದಂತೆಯೇ ಇರುತ್ತದೆ.

ನಿಮ್ಮ ಪಾಠ ಬದಲಿಸಬಹುದಾದ್ದು ಎರಡು: ಮೂತ್ರದ ಗಟ್ಟಿತನ, ಶಾಲೆಯ ಹೊತ್ತಿನಲ್ಲಿ ಒಂದಕ್ಕೆ ಹೋಗುವ ಸಲಗಳು. ಮೊದಲನೆಯದಕ್ಕೆ ರಿಫ್ರ್ಯಾಕ್ಟೋಮೀಟರ್ (ಹನಿ ಮೂತ್ರದಲ್ಲಿ ಬೆಳಕು ಬಾಗುವುದರಿಂದ ಗಟ್ಟಿತನ ಅಳೆಯುವ ಉಪಕರಣ) ತೆಗೆದುಕೊಳ್ಳಿ, ಸ್ಟ್ರಿಪ್‌ನ ಸ್ಪೆಸಿಫಿಕ್ ಗ್ರ್ಯಾವಿಟಿ (ನೀರಿಗೆ ಹೋಲಿಸಿದ ಗಟ್ಟಿತನ) ಚೌಕವನ್ನು ನಂಬಬೇಡಿ. ಪ್ರತಿದಿನ ಡಿಸ್ಟಿಲ್ಡ್ ನೀರಿನಿಂದ 1.000ಕ್ಕೆ ಹೊಂದಿಸಿ, ಎರಡು ಹನಿ ಹಾಕಿ ಓದಿ, ಒರೆಸಿ. 1.020 ದಾಟಿದರೆ ನೀರು ಸಾಲದು ಎಂದು ಇಟ್ಟುಕೊಳ್ಳುವುದು ರೂಢಿ.

ಇಲ್ಲೇ ಹೆಚ್ಚಿನವರು ಎಡವುವುದು: ಎರಡು ಉದ್ದೇಶಕ್ಕೆ ಒಂದೇ ಮಾದರಿ ಬಳಸುತ್ತಾರೆ. ಪ್ರೋಟೀನ್‌ಗೆ ಬೇಕಾದ್ದು ಎದ್ದ ಕೂಡಲೇ ಹಿಡಿದ ಮೊದಲ ಮೂತ್ರ. ನಿಂತಾಗ ಮಾತ್ರ ಬರುವ ನಿರುಪದ್ರವಿ ಪ್ರೋಟೀನ್ ಅದರಲ್ಲಿ ಕಾಣುವುದಿಲ್ಲ. ಗಟ್ಟಿತನಕ್ಕೆ ಆ ಮಾದರಿ ದಂಡ, ರಾತ್ರಿಯಿಡೀ ನೀರಿಲ್ಲದೆ ಮಲಗಿದ ಯಾವ ಮಗುವಿನ ಬೆಳಗಿನ ಮೂತ್ರವೂ ಗಟ್ಟಿಯಾಗಿಯೇ ಇರುತ್ತದೆ. ಅದಕ್ಕೆ ಶಾಲೆ ಬಿಡುವ ಮುಂಚಿನ ಮಾದರಿ ಬೇಕು, ಎರಡೂ ಗುಂಪಿನಲ್ಲಿ ಒಂದೇ ಗಂಟೆಗೆ, ಮುಂಚಿತವಾಗಿ ಹೇಳದ ದಿನ. ಹೇಳಿಟ್ಟರೆ ಆ ದಿನ ಇಡೀ ತರಗತಿ ಬಾಟಲಿ ಖಾಲಿ ಮಾಡಿ ಕೂತಿರುತ್ತದೆ.

ಡಿಪ್‌ಸ್ಟಿಕ್ ಇಟ್ಟುಕೊಳ್ಳುವುದೇ ಆದರೆ ಅದು ತಪಾಸಣೆ, ಫಲಿತಾಂಶವಲ್ಲ. ಜಪಾನ್ 1974ರಿಂದ ಶಾಲೆಗಳಲ್ಲಿ ಮೂತ್ರ ತಪಾಸಣೆ ನಡೆಸುತ್ತಿದೆ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2007ರಲ್ಲಿ ಇಂಥ ವಾಡಿಕೆಯ ಪರೀಕ್ಷೆ ಬೇಡವೆಂದಿತು. ಪಾಸಿಟಿವ್ ಬಂದ ಮಗು ಮುಂದೆ ಎಲ್ಲಿಗೆ ಹೋಗಬೇಕು ಎಂಬ ಏರ್ಪಾಡು ಇಲ್ಲದಿದ್ದರೆ ಎರಡನೆಯವರ ಮಾತೇ ಸರಿ. ವಾಡಿಯಾ, ಕೆಇಎಂ, ನಾಯರ್, ಯಾವ ಆಸ್ಪತ್ರೆಯೇ ಆಗಲಿ, ಯಾವ ದಿನದ ಒಪಿಡಿ, ಯಾರಿಗೆ ಚೀಟಿ ಎನ್ನುವುದನ್ನು ಮೊದಲ ಸ್ಟ್ರಿಪ್ ಅದ್ದುವ ಮುಂಚೆ ಲಿಖಿತವಾಗಿ ಗೊತ್ತುಮಾಡಿಕೊಳ್ಳಿ.

ಕ್ರಮ ಹೀಗೆ. ಪ್ರೋಟೀನ್ ಅಥವಾ ರಕ್ತ 1+ ಬಂದರೆ ಒಂದೆರಡು ವಾರ ಬಿಟ್ಟು ಬೆಳಗಿನ ಮೊದಲ ಮೂತ್ರದಲ್ಲಿ ಮತ್ತೆ ನೋಡಿ. ಬಹುಪಾಲು ಇಲ್ಲೇ ಬಿದ್ದುಹೋಗುತ್ತವೆ. ಮತ್ತೆ ಬಂದವರಿಗೆ ಮೈಕ್ರೋಸ್ಕೋಪಿ, ಪ್ರೋಟೀನ್-ಕ್ರಿಯಾಟಿನಿನ್ (ಕಿಡ್ನಿ ಹೊರಹಾಕುವ ಒಂದು ತ್ಯಾಜ್ಯ) ಅನುಪಾತ. ಅದು 0.2 ದಾಟಿ ನಿಂತರೆ ರಕ್ತದೊತ್ತಡ, ಸೀರಮ್ ಕ್ರಿಯಾಟಿನಿನ್, ಸೋನೋಗ್ರಫಿ. 2 ದಾಟಿದರೆ ನೆಫ್ರೋಟಿಕ್ ಮಟ್ಟ, ಅಂದರೆ ಪ್ರೋಟೀನ್ ಭಾರಿಯಾಗಿ ಸೋರುತ್ತಿದೆ. ಮುಖ ಊದಿ 3+ ಇದ್ದರೆ, ಮೂತ್ರ ಕಪ್ಪು ಚಹಾದ ಬಣ್ಣವಿದ್ದರೆ, ಬಿಪಿ ಏರಿದ್ದರೆ ಮರುಪರೀಕ್ಷೆಗೆ ಕಾಯಬೇಡಿ, ಅದೇ ದಿನ ಆಸ್ಪತ್ರೆ. ಮಳೆಗಾಲದಲ್ಲಿ ಕಾಲಿನ ಹುಣ್ಣು ಕೀವಾದ ಮಕ್ಕಳಲ್ಲಿ 3ರಿಂದ 6 ವಾರದ ಬಳಿಕ ಹೀಗಾಗುವುದುಂಟು. ಗಂಟಲು ನೋವಿನ ನಂತರವಾದರೆ ಒಂದೆರಡು ವಾರಕ್ಕೇ.

ಕ್ರಿಯಾಟಿನಿನ್ ವರದಿಯಲ್ಲಿ ಲ್ಯಾಬ್ ಅಚ್ಚು ಹಾಕುವ ‘ನಾರ್ಮಲ್’ ಮಿತಿ ಬಹಳ ಸಲ ದೊಡ್ಡವರದು. 2009ರ ಶ್ವಾರ್ಟ್ಸ್ ಸೂತ್ರದಂತೆ 0.413 × ಎತ್ತರ (ಸೆಂ.ಮೀ.) ÷ ಸೀರಮ್ ಕ್ರಿಯಾಟಿನಿನ್ (ಮಿ.ಗ್ರಾಂ/ಡೆಸಿಲೀಟರ್). 130 ಸೆಂ.ಮೀ. ಮಗುವಿಗೆ 0.6 ಬಂದರೆ ಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗ) ಸುಮಾರು 89; 1.0 ಬಂದರೆ 54. ಹಾಳೆಯ ಮೇಲೆ ಎರಡೂ ನಾರ್ಮಲ್ ಎಂದೇ ಇರುತ್ತದೆ! ಎನ್ಜೈಮ್ಯಾಟಿಕ್ ವಿಧಾನದ ಲ್ಯಾಬ್ ಬೇಕು, ಎತ್ತರವನ್ನು ಅಂದೇ ಅಳೆದು ಬರೆಯಬೇಕು.

ಬಿಪಿಗೆ ದೊಡ್ಡವರ ಕಫ್ (ತೋಳುಪಟ್ಟಿ) ಕಟ್ಟಬೇಡಿ. ಒಳಗಿನ ಬ್ಲ್ಯಾಡರ್‌ನ (ಗಾಳಿಚೀಲದ) ಅಗಲ ತೋಳಿನ ಸುತ್ತಳತೆಯ 40%, ಉದ್ದ 80ರಿಂದ 100%. ಸಣ್ಣ ಕಫ್ ಬಿಪಿಯನ್ನು ಏರಿಸಿ ತೋರಿಸುತ್ತದೆ, ದೊಡ್ಡದು ಇಳಿಸಿ. 5 ನಿಮಿಷ ಕೂರಿಸಿ, ಬಲತೋಳು. ಹೆಚ್ಚು ಬಂದರೆ ಬೇರೆ ಬೇರೆ ದಿನ ಮೂರು ಸಲ.

ಗಣಕ ಪುಣೆ

320 ಮಕ್ಕಳು ಸಾಕೇ ಎಂಬ ಪ್ರಶ್ನೆಯಲ್ಲೇ ತೊಡಕಿದೆ. ಒಂದೇ ಶಾಲೆಯ ಮಕ್ಕಳು ಒಂದೇ ನಲ್ಲಿ, ಒಂದೇ ಶೌಚಾಲಯ, ಒಂದೇ ಟೀಚರ್ ಹಂಚಿಕೊಳ್ಳುತ್ತಾರೆ. ಅವರ ಉತ್ತರಗಳು ಒಂದಕ್ಕೊಂದು ಹೋಲುತ್ತವೆ. ಆ ಹೋಲಿಕೆಯ ಅಳತೆ ಐಸಿಸಿ. ಶಾಲೆಗೆ 40 ಮಕ್ಕಳು, ಐಸಿಸಿ 0.05 ಎಂದಿಟ್ಟುಕೊಂಡರೆ ಡಿಸೈನ್ ಇಫೆಕ್ಟ್ (ಈ ಹೋಲಿಕೆಯಿಂದ ಮಕ್ಕಳ ಸಂಖ್ಯೆ ಎಷ್ಟು ಪಟ್ಟು ಹೆಚ್ಚಬೇಕು ಎಂಬುದು) 1 + 39 × 0.05, ಅಂದರೆ 2.95. ಗುಂಪಿಗೆ ನಿಮ್ಮ 160 ಮಕ್ಕಳ ಬೆಲೆ ಸುಮಾರು 54 ಮಕ್ಕಳಷ್ಟೇ.

ಈಗ ತಿರುಗಿಸಿ ನೋಡಿ. ಸಾಕಷ್ಟು ನೀರು ಕುಡಿದ ಮಕ್ಕಳ ಪ್ರಮಾಣ 50ರಿಂದ 65%ಕ್ಕೆ ಏರುವುದನ್ನು 80% ಪವರ್‌ನಲ್ಲಿ (ನಿಜವಾದ ಬದಲಾವಣೆ ಇದ್ದರೆ ಅದು ಕಣ್ಣಿಗೆ ಬೀಳುವ ಸಾಧ್ಯತೆ) ಹಿಡಿಯಬೇಕಾದರೆ, ಮಕ್ಕಳನ್ನೇ ಬಿಡಿಬಿಡಿಯಾಗಿ ಹಂಚಿದರೂ ಗುಂಪಿಗೆ 167 ಬೇಕು. 2.95ರಿಂದ ಗುಣಿಸಿದರೆ 493, ಅಂದರೆ ಗುಂಪಿಗೆ 13 ಶಾಲೆ. ಶಾಲೆಗೆ 20 ಮಕ್ಕಳನ್ನೇ ತೆಗೆದುಕೊಂಡರೆ ಡಿಸೈನ್ ಇಫೆಕ್ಟ್ 1.95, ಬೇಕಾದ್ದು 326 ಮಕ್ಕಳು, 17 ಶಾಲೆ. ಮಕ್ಕಳು ಕಡಿಮೆ, ಶಾಲೆ ಜಾಸ್ತಿ, ಪರೀಕ್ಷೆಯ ಖರ್ಚೂ ಕಡಿಮೆ. ಗುಂಪಿಗೆ 4 ಶಾಲೆಗಳಲ್ಲಿ ಇದು ಆಗುವ ಕೆಲಸವೇ ಅಲ್ಲ: 167 × 0.05 = 8.35, ಆದ್ದರಿಂದ 9 ಶಾಲೆಗಿಂತ ಕಡಿಮೆ ಇದ್ದರೆ ಪ್ರತಿ ಶಾಲೆಯಲ್ಲಿ ಸಾವಿರ ಮಕ್ಕಳನ್ನು ಅಳೆದರೂ ಗುರಿ ಮುಟ್ಟದು. 4-4 ಶಾಲೆಗಳಿಂದ ಕಾಣಬಹುದಾದ್ದು 50ರಿಂದ 80%ದ ಹತ್ತಿರಕ್ಕೆ ಹಾರಿದರೆ ಮಾತ್ರ.

ಹಾಗಾಗಿ ಎರಡೇ ದಾರಿ. ಮರಾಠಿ, ಹಿಂದಿ, ಉರ್ದು ಮಾಧ್ಯಮಗಳನ್ನೂ ಸೇರಿಸಿ 26ರಿಂದ 30 ಶಾಲೆ ಮಾಡಿ, ಇಲ್ಲವೇ ಇದನ್ನು ‘ಪೈಲಟ್’ (ದೊಡ್ಡ ಅಧ್ಯಯನಕ್ಕೆ ಮುಂಚಿನ ಸಣ್ಣ ಪ್ರಯೋಗ) ಎಂದು ಬರೆದು, ಎಷ್ಟು ಹೆತ್ತವರು ಒಪ್ಪಿದರು, ಎಷ್ಟು ಗಂಟೆ ನಿಜವಾಗಿ ಬಾರಿಸಿದರು, ಎಷ್ಟು ಮಾದರಿ ಕೆಟ್ಟವು ಎಂಬುದನ್ನೇ ಫಲಿತಾಂಶ ಮಾಡಿ. ನನ್ನ ಮತ ಎರಡನೆಯದಕ್ಕೆ. ಸ್ಪೆಸಿಫಿಕ್ ಗ್ರ್ಯಾವಿಟಿಯನ್ನು ಹೌದು-ಇಲ್ಲ ಎಂದು ಒಡೆಯದೆ ಅಂಕಿಯಾಗಿಯೇ ಇಟ್ಟು ಮೊದಲ ಅಳತೆಗೆ ಸರಿಹೊಂದಿಸಿದರೆ ಪವರ್ ಸ್ವಲ್ಪ ಸುಧಾರಿಸುತ್ತದೆ.

ಒಂದೊಂದೇ ಶಾಲೆಗೆ ಸರದಿಯಂತೆ ಪಾಠ ಶುರುಮಾಡುವ ಸ್ಟೆಪ್ಡ್ ವೆಜ್ ವಿನ್ಯಾಸವನ್ನು ಯಾರಾದರೂ ಸೂಚಿಸಿಯೇ ಸೂಚಿಸುತ್ತಾರೆ. ಜುಲೈನ ಮಳೆ, ಅಕ್ಟೋಬರಿನ ಸೆಕೆ, ಮಾರ್ಚಿನ ಬಿಸಿಲು, ಪ್ರತಿಯೊಂದೂ ಮೂತ್ರದ ಗಟ್ಟಿತನವನ್ನು ಬದಲಿಸುತ್ತದೆ. 8 ಶಾಲೆಗಳಲ್ಲಿ ಪಾಠದ ಪರಿಣಾಮ ಯಾವುದು, ಹವೆಯದು ಯಾವುದು ಎಂದು ಬಿಡಿಸುವುದು ಕಷ್ಟ. ಎರಡೂ ಗುಂಪನ್ನು ಅದೇ ವಾರ ಅಳೆಯಿರಿ. ಕೊನೆಯ ಅಳತೆ ಮಾರ್ಚ್‌ಗೆ ಬೇಡ, ಫೆಬ್ರವರಿಗೆ ತನ್ನಿ. ಪರೀಕ್ಷೆ ಹತ್ತಿರ ಬಂದಂತೆ ಹಾಜರಿ ಚದುರುತ್ತದೆ, ಕಲಬುರಗಿ, ವಿಜಯಪುರ ಕಡೆಯ ಕುಟುಂಬಗಳು ಊರಿಗೆ ಹೊರಡುತ್ತವೆ.

ಶಾಲೆ ಮಾಸ್ತರು

ಗಣಕರ ಲೆಕ್ಕಕ್ಕೆ ಇನ್ನೊಂದು ಕೊಕ್ಕೆ. ಪಾಲಿಕೆಯ ಅನೇಕ ಕಟ್ಟಡಗಳಲ್ಲಿ ಒಂದು ಮಹಡಿ ಕನ್ನಡ, ಇನ್ನೊಂದು ಮರಾಠಿ, ಮತ್ತೊಂದು ಹಿಂದಿ. ಕಾಗದದಲ್ಲಿ ಮೂರು ಶಾಲೆ. ಗಂಟೆ ಒಂದು, ಶೌಚಾಲಯ ಒಂದು. ಮೇಲಿನ ಮಹಡಿಯಲ್ಲಿ ನೀರಿನ ಗಂಟೆ ಬಾರಿಸಿದರೆ ಕೆಳಗಿನವರೂ ಕುಡಿಯುತ್ತಾರೆ. ಆದ್ದರಿಂದ ಪಾಠ ಯಾರಿಗೆ ಎಂದು ಚೀಟಿ ಎತ್ತಬೇಕಾದ್ದು ಕಟ್ಟಡದ ಹೆಸರಿಗೆ, ಶಾಲೆಯ ಹೆಸರಿಗಲ್ಲ. ಮಾಧ್ಯಮಗಳನ್ನು ಸೇರಿಸಿ ಶಾಲೆ ಹೆಚ್ಚಿಸುವಾಗಲೂ ಬೇರೆ ಕಟ್ಟಡಗಳನ್ನೇ ಹುಡುಕಿ.

ಶೌಚಾಲಯದ ಚಿಲಕ, ಬಕೆಟ್, ನೀರು, ಸಾಬೂನು ಸರಿಯಿಲ್ಲದೆ ಗಂಟೆ ಬಾರಿಸಿದರೆ ಹೆಣ್ಣುಮಕ್ಕಳು ಕುಡಿದಂತೆ ಮಾಡಿ ಬಾಟಲಿ ಮುಚ್ಚುತ್ತಾರೆ. ಮೊದಲ ವಾರವೇ ಒಂದು ಹಾಳೆಯಲ್ಲಿ ಈ ನಾಲ್ಕನ್ನು ಪ್ರತಿ ಕಟ್ಟಡಕ್ಕೂ ಬರೆದುಕೊಳ್ಳಿ. ಪಾಠದ ನಡುವೆ ಒಂದಕ್ಕೆ ಹೋಗಲು ಕೇಳಿದರೆ ಬಿಡಬೇಕು ಎಂದು ಮುಖ್ಯಾಧ್ಯಾಪಕರಿಂದ ಟೀಚರ್‌ಗಳಿಗೆ ಲಿಖಿತ ಸೂಚನೆ ಇರಲಿ. ನಾಲ್ಕು ಪಾಠಕ್ಕಿಂತ ಆ ಒಂದು ಕಾಗದವೇ ಹೆಚ್ಚು ಕೆಲಸ ಮಾಡುತ್ತದೆ. ಪಾಠದಲ್ಲಿ (ವಯಸ್ಸು + 1) × 30 ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ: ಹತ್ತು ವರ್ಷದವರ ಮೂತ್ರಚೀಲಕ್ಕೆ 330 ಮಿಲಿ. ಅಷ್ಟು ನೀರನ್ನು ಬಾಟಲಿಯಲ್ಲಿ ಅಳೆದು ತೋರಿಸಿದರೆ ಮರೆಯುವುದಿಲ್ಲ. ಡಾಕ್ಟರು ನೀರು ಮಿತಗೊಳಿಸಿದ ಮಗು ಇದ್ದರೆ ಅದಕ್ಕೆ ಗಂಟೆಯಿಂದ ವಿನಾಯಿತಿ ಕೊಡಿ.

ಒಪ್ಪಿಗೆಯ ಬಗ್ಗೆ: ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಕ್ಕಳ ಸಂಶೋಧನೆ ಮಾರ್ಗಸೂಚಿಯಂತೆ 7ರಿಂದ 12ರವರೆಗೆ ಮಗುವಿನ ಬಾಯಿಮಾತಿನ ಸಮ್ಮತಿ, ಅದಕ್ಕಿಂತ ದೊಡ್ಡವರಿಂದ ಲಿಖಿತ ಸಮ್ಮತಿ; ಎರಡರ ಜೊತೆಗೂ ಹೆತ್ತವರ ಒಪ್ಪಿಗೆ ಬೇಕು. 7ನೇ ಇಯತ್ತೆಯಲ್ಲಿ ಎರಡೂ ವಯಸ್ಸಿನವರು ಇರುತ್ತಾರೆ, ಎರಡು ನಮೂನೆ ಅಚ್ಚು ಹಾಕಿಸಿ. ‘ಬೇಡವೆಂದರೆ ತಿಳಿಸಿ’ ಎಂಬ ಚೀಟಿ ನಡೆಯದು. ಶಿಕ್ಷಣ ಇಲಾಖೆಯ ಅನುಮತಿ ಹೆತ್ತವರ ಸಹಿಗೆ ಬದಲಿಯಲ್ಲ. ಓದಲು ಬಾರದವರಿಗೆ ಹೆಬ್ಬೆಟ್ಟು, ಜೊತೆಗೆ ತಂಡಕ್ಕೆ ಸೇರದ ಒಬ್ಬ ಸಾಕ್ಷಿ. ಸಿಟಿಆರ್‌ಐ (ದೇಶದ ಟ್ರಯಲ್‌ಗಳ ನೋಂದಣಿ ಪಟ್ಟಿ) ನೋಂದಣಿ ಮೊದಲ ಮಗು ಸೇರುವ ಮುಂಚೆಯೇ ಆಗಬೇಕು; 2018ರ ಏಪ್ರಿಲ್‌ನಿಂದ ಹಿಂದಿನ ದಿನಾಂಕದ ನೋಂದಣಿ ಸ್ವೀಕರಿಸುವುದಿಲ್ಲ.

ಮಾಟುಂಗಾವಾಸಿ

ಎಲ್ಲರಿಗೂ ಧನ್ಯವಾದ. ಕರಡನ್ನು ಪೈಲಟ್ ಎಂದು ಬದಲಿಸುತ್ತೇನೆ. ಡಾಕ್ಟರ್, 3 ಶಾಲೆಗಳು ಮಧ್ಯಾಹ್ನದ ಪಾಳಿಯವು. ಬೆಳಿಗ್ಗೆ 6ಕ್ಕೆ ಹಿಡಿದ ಮೂತ್ರವನ್ನು 12.30ಕ್ಕೆ ತಂದರೆ ನಡೆಯುತ್ತದೆಯೇ?

ಪರೇಲ್ ಡಾಕ್ಟರ್

ನಡೆಯುವುದಿಲ್ಲ. ಕೋಣೆಯ ಶಾಖದಲ್ಲಿ 2 ಗಂಟೆ ದಾಟಿದರೆ ಬ್ಯಾಕ್ಟೀರಿಯಾ ಬೆಳೆದು ಮೂತ್ರ ಕ್ಷಾರವಾಗುತ್ತದೆ. ಪಿಎಚ್ 8 ಮೀರಿದರೆ ಪ್ರೋಟೀನ್ ಇಲ್ಲದಿದ್ದರೂ ಆ ಚೌಕ ಸುಮ್ಮನೆ ಹಸಿರಾಗಿ ಪಾಸಿಟಿವ್ ತೋರಿಸುತ್ತದೆ. ಕೆಂಪು ಕಣಗಳು ಒಡೆದು ಮೈಕ್ರೋಸ್ಕೋಪಿಗೆ ಏನೂ ಸಿಗುವುದಿಲ್ಲ. ಹೀಗೆ ಮಾಡಿ: ಮೊದಲ ಹಂತಕ್ಕೆ ಶಾಲೆಯಲ್ಲೇ ಹಿಡಿದ ತಾಜಾ ಮಾದರಿ ಸಾಕು, ಸುಳ್ಳು ಪಾಸಿಟಿವ್ ಕೆಲವು ಹೆಚ್ಚು ಬಂದರೂ ಬರಲಿ. ಮರುಪರೀಕ್ಷೆಯ ಕೆಲವೇ ಮಕ್ಕಳಿಗೆ ಮಾತ್ರ ಬೆಳಗಿನ ಮೂತ್ರ ತರಿಸಿ, 8ಕ್ಕೆ ಮುಂಚೆ ಶಾಲೆಯ ಗೇಟಿನಲ್ಲಿ ಐಸ್‌ಬಾಕ್ಸ್ ಇಟ್ಟು ತೆಗೆದುಕೊಳ್ಳಿ. 2ರಿಂದ 8 ಡಿಗ್ರಿಯಲ್ಲಿ 24 ಗಂಟೆವರೆಗೆ ಇಡಬಹುದು, ಅದ್ದುವ ಮುಂಚೆ ಕೋಣೆಯ ಶಾಖಕ್ಕೆ ಬರಲಿ. ಲೇಬಲ್ ಡಬ್ಬಿಗೆ ಅಂಟಿಸಿ, ಮುಚ್ಚಳಕ್ಕಲ್ಲ, ಮುಚ್ಚಳಗಳು ಅದಲುಬದಲಾಗುತ್ತವೆ.

ಮುಟ್ಟಿನ ದಿನಗಳಲ್ಲಿರುವ ಹುಡುಗಿಯರ ಮಾದರಿಯನ್ನು ಮುಂದಿನ ವಾರಕ್ಕೆ ಹಾಕಿ, ಕಾರಣವನ್ನು ತರಗತಿಯಲ್ಲಿ ಕೇಳಬೇಡಿ, ಟೀಚರಮ್ಮನಿಗೆ ಪಟ್ಟಿ ಕೊಟ್ಟು ಗುರುತು ಹಾಕಿಸಿ. ಸ್ಟ್ರಿಪ್ ಡಬ್ಬಿಯನ್ನು ಒಂದು ತೆಗೆದ ಕೂಡಲೇ ಮುಚ್ಚಿ. ಮುಂಬಯಿಯ ಜುಲೈ ಗಾಳಿಗೆ ತೆರೆದಿಟ್ಟ ಸ್ಟ್ರಿಪ್ ಅದ್ದುವ ಮುಂಚೆಯೇ ಬಣ್ಣ ತಿರುಗಿರುತ್ತದೆ. ಪ್ರೋಟೀನ್ ಓದುವುದು 60 ಸೆಕೆಂಡಿಗೆ, ಬಿಳಿಕಣ 120ಕ್ಕೆ, ಕಿಟಕಿಯ ಬೆಳಕಿನಲ್ಲಿ, ಇಬ್ಬರು ಬೇರೆಬೇರೆಯಾಗಿ.