ಪುಟ್ಟಿ ಕ್ಯಾಮೆರಾ ತಗೊಳ್ಳೋ ವಿಷಯ: ‘ತೋಟದ ಮನೆ’ ಗುಂಪಿಂದ

ಚಿಕ್ಕಪ್ಪ ಸುಂಟಿಕೊಪ್ಪ: (ತುಂಬಾ ಸಲ ಫಾರ್ವರ್ಡ್ ಆಗಿದೆ) ಎಚ್ಚರಿಕೆ!! ಡಿಎಸ್‌ಎಲ್‌ಆರ್ ಕ್ಯಾಮೆರಾ ತಗೊಳ್ಳೋ ಮುಂಚೆ ಓದಿ!! ಕ್ಯಾನನ್ ನಿಕಾನ್ ಎರಡೂ ಕಂಪನಿ ಡಿಎಸ್‌ಎಲ್‌ಆರ್ ಮುಚ್ಚಿಬಿಟ್ಟಿವೆ. ಇನ್ಮೇಲೆ ಲೆನ್ಸೂ ಇಲ್ಲ ರಿಪೇರಿನೂ ಇಲ್ಲ. ಅಂಗಡಿಯವ್ರು ಹಳೇ ಸ್ಟಾಕ್ ತಲೆಗೆ ಕಟ್ತಿದ್ದಾರೆ. ನಿಮ್ಮ ಮೊಬೈಲ್ 108 ಮೆಗಾಪಿಕ್ಸೆಲ್, ಡಿಎಸ್‌ಎಲ್‌ಆರ್ ಬರೀ 24!! ಮಕ್ಕಳಿರೋ ಎಲ್ಲಾ ಗುಂಪಿಗೂ ಕಳಿಸಿ 🙏

ಚಿಕ್ಕಪ್ಪ ಸುಂಟಿಕೊಪ್ಪ: ಪುಟ್ಟಿ ನೋಡು. ನಿನ್ನೆ ರಾತ್ರಿ ನಾನ್ ಬಡ್ಕೊಂಡಿದ್ದು ಇದನ್ನೇ

ಪುಟ್ಟಿ: ಅಪ್ಪ ಪಕ್ಕದ ರೂಮಲ್ಲೇ ಇದ್ದೀನಿ, ಇದನ್ನ ಗುಂಪಲ್ಲಿ ಹಾಕ್ಬೇಕಿತ್ತಾ

ಚಿಕ್ಕಪ್ಪ ಸುಂಟಿಕೊಪ್ಪ: ನಾನು ಹೇಳಿದ್ರೆ ಕೇಳ್ತೀಯಾ? ದೊಡ್ಡವ್ರೆಲ್ಲಾ ಇದ್ದಾರೆ, ಅವ್ರೇ ಹೇಳ್ಲಿ ಅಂತ ಹಾಕ್ದೆ

ದೊಡ್ಡಪ್ಪ: ಪೂರ್ತಿ ಓದಿಲ್ಲ. ಆದರೂ ವಿಷಯ ಸರಿಯಾಗಿದೆ. ಕಾಫಿಗೆ ಒಂದೆರಡು ವರ್ಷ ರೇಟು ಬಂತು ಅಂತ ಎಲ್ಲರ ಕೈಯಲ್ಲೂ ದುಡ್ಡು ಓಡಾಡ್ತಿದೆ, ರೇಟು ಬಿದ್ದು ಸೊಸೈಟಿ ಸಾಲ ಕಟ್ಟೋಕೆ ಪರದಾಡಿದ ದಿನಾನೂ ನೆನಪಿರಬೇಕು. ಪುಟ್ಟಿ ಬೇಜಾರು ಮಾಡ್ಕೋಬೇಡಮ್ಮ, ಮೊದಲು ಕೆಲಸ ಪರ್ಮನೆಂಟ್ ಆಗಲಿ.

ಪುಟ್ಟಿ: ದೊಡ್ಡಪ್ಪ ಇದು ನನ್ನ ಸಂಬಳದ್ದು, ಕಾಫಿ ದುಡ್ಡಲ್ಲ

ಬಾವ ಬೆಂಗಳೂರು: ಮಾವ, ಇದರ ಮೂಲ ಎಲ್ಲಿದೆ? ಯಾವ ಪತ್ರಿಕೆ, ಯಾವ ತಾರೀಕು? ಕಂಪನಿ ಮುಚ್ಚಿದೆ ಅಂದ್ರೆ ಕಂಪನಿನೇ ಹೇಳಿರಬೇಕಲ್ಲ, ಆ ಹೇಳಿಕೆ ಹಾಕಿ

ಚಿಕ್ಕಪ್ಪ ಸುಂಟಿಕೊಪ್ಪ: ಮೂಲ ಗೀಲ ನಂಗೊತ್ತಿಲ್ಲ ಅಳಿಯಂದ್ರೆ. ನಮ್ಮ ಪ್ಲಾಂಟರ್ಸ್ ಗುಂಪಲ್ಲಿ ಬಂತು. ಅಲ್ಲಿರೋರು ಯಾರೂ ದಡ್ಡರಲ್ಲ

ಬಾವ ಬೆಂಗಳೂರು: ಆ ಗುಂಪಿಂದಾನೇ ತಾನೆ ಕುಶಾಲನಗರದಲ್ಲಿ ರಸ್ತೆ ಮೇಲೆ ನೀರು ಅಂತ ಹಳೇ ವಿಡಿಯೋ ಬಂದಿದ್ದು. ಅದನ್ನ ನಂಬ್ಕೊಂಡು ಮಕ್ಕಳನ್ನ ಕಟ್ಕೊಂಡು ಮೈಸೂರಿಂದಾನೇ ವಾಪಸ್ ಹೋದೆವು, ಅವತ್ತು ರಸ್ತೇಲಿ ಒಂದು ಹನಿ ನೀರಿರ್ಲಿಲ್ಲ

ಚಿಕ್ಕಪ್ಪ ಸುಂಟಿಕೊಪ್ಪ: ಜಾಗ್ರತೆಗೆ ಅಂತ ಹಾಕಿದ್ದು ಅದು. ಬರದೇ ಇರೋಕೆ ನಿಮಗೊಂದು ನೆಪ ಬೇಕಿತ್ತು

ಅತ್ತೆ ಶನಿವಾರಸಂತೆ: ಅವತ್ತು ಮಾಡಿದ ಕಡುಬು ಅಷ್ಟೂ ಉಳ್ಕೊಂಡ್ತು. ಯಾರ ತಪ್ಪು ಅಂತ ನಾನು ಹೇಳಲ್ಲ

ನಾನು: ಎಲ್ಲರೂ ಒಂದ್ನಿಮಿಷ. ಬಾವ ಕೇಳಿದ್ದಕ್ಕೆ ಉತ್ತರ ಇದೆ. 2021ರ ಕೊನೇಲಿ ಕ್ಯಾನನ್ ಮುಖ್ಯಸ್ಥರು ಜಪಾನಿನ ಪತ್ರಿಕೆಗೆ ಹೇಳಿದ್ದು ಏನಂದ್ರೆ 1ಡಿ ಎಕ್ಸ್ ಮಾರ್ಕ್ 3 ನಮ್ಮ ಕೊನೇ ಫ್ಲಾಗ್‌ಶಿಪ್ ಡಿಎಸ್‌ಎಲ್‌ಆರ್ ಅಂತ. ಫ್ಲಾಗ್‌ಶಿಪ್ ಅಂದ್ರೆ ಆಟ, ಸುದ್ದಿ ಫೋಟೊ ತೆಗೆಯೋ ದುಬಾರಿ ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ), ಪುಟ್ಟಿ ನೋಡ್ತಿರೋದು ಅದಲ್ಲ. ನಿಕಾನ್‌ದು 2022ರ ಜುಲೈನಲ್ಲಿ ನಿಕ್ಕೈ ಪತ್ರಿಕೇಲಿ ಬಂತು, ಎಸ್‌ಎಲ್‌ಆರ್ ಅಭಿವೃದ್ಧಿ ನಿಲ್ಲಿಸ್ತಾರೆ ಅಂತ. ಅದಕ್ಕೆ ನಿಕಾನ್ ತಕ್ಷಣ ಇದು ಬರೀ ಊಹೆ, ತಯಾರಿಕೆ ಮಾರಾಟ ಸರ್ವೀಸ್ ಎಲ್ಲಾ ಮುಂದುವರೀತಿದೆ ಅಂತ ಹೇಳಿಕೆ ಕೊಟ್ಟಿತ್ತು. ಈ ಮೆಸೇಜ್ ಬರೆದವರು ಎರಡನ್ನೂ ಕಲಸಿ ‘ಮುಚ್ಚಿಬಿಟ್ಟಿವೆ’ ಅಂತ ಮಾಡಿದ್ದಾರೆ

ಬಾವ ಬೆಂಗಳೂರು: ಇದು ಉತ್ತರ. ಓದಿ ಮಾವ

ಚಿಕ್ಕಪ್ಪ ಸುಂಟಿಕೊಪ್ಪ: ಅಂದ್ರೆ ಅರ್ಧ ಸತ್ಯ ಅಂತಾಯ್ತಲ್ಲ

ನಾನು: ಅರ್ಧ ಸತ್ಯ ಇದೆ ಚಿಕ್ಕಪ್ಪ, ಅದನ್ನೂ ಹೇಳ್ಬೇಕು. 2020ರ ಆಮೇಲೆ ಕ್ಯಾನನ್ ನಿಕಾನ್ ಇಬ್ಬರೂ ಹೊಸ ಡಿಎಸ್‌ಎಲ್‌ಆರ್ ಮಾಡೆಲ್ ಬಿಟ್ಟಿಲ್ಲ, ಎಲ್ಲಾ ಮಿರರ್‌ಲೆಸ್ ಕಡೆ (ಡಿಎಸ್‌ಎಲ್‌ಆರ್ ಒಳಗಿರೋ ಕನ್ನಡಿ ಇಲ್ಲದ ಹೊಸ ಥರದ ಕ್ಯಾಮೆರಾ) ಹೋಗಿದ್ದಾರೆ. ಶುರು ಮಾಡೋರಿಗೆ ಅಂತಾನೇ ಇದ್ದ ನಿಕಾನ್ ಡಿ3500 ಹೊಸದು ಬರೋದೂ ನಿಂತಿದೆ. ಆದ್ರೆ ಪುಟ್ಟಿಗೆ ಇದರಿಂದ ಲಾಭಾನೇ. ಒಳ್ಳೊಳ್ಳೆ ಬಾಡಿ ಮಾರಿ ಜನ ಮಿರರ್‌ಲೆಸ್‌ಗೆ ಹೋಗ್ತಿದ್ದಾರೆ, ಸೆಕೆಂಡ್ ಹ್ಯಾಂಡ್ ಅಗ್ಗಕ್ಕೆ ಸಿಗ್ತಿದೆ

ಅಣ್ಣ ಸೋಮವಾರಪೇಟೆ: ಕ್ಯಾಮೆರಾ ಅಂದ್ರೆ ನಮ್ಮನೆ ಯಾಶಿಕಾ. ಅಪ್ಪ ಚರ್ಮದ ಕವರಲ್ಲಿ ಇಟ್ಟಿರ್ತಿದ್ರು, ಮುಟ್ಟೋಕೆ ಬಿಡ್ತಿರ್ಲಿಲ್ಲ. ಒಂದು ರೀಲಿಗೆ 36 ಫೋಟೊ, ಅದನ್ನ ಹುತ್ತರಿಗೆ ನಾಲ್ಕು, ಕಾಫಿ ಹೂ ಬಿಟ್ಟಾಗ ನಾಲ್ಕು, ನೆಂಟರು ಬಂದ್ರೆ ಒಂದು ಅಂತ ವರ್ಷ ಪೂರ್ತಿ ಎಳೀತಿದ್ರು. ಮಡಿಕೇರಿಗೆ ತೊಳೆಯೋಕೆ ಕೊಟ್ರೆ ಮಳೆಗಾಲದಲ್ಲಿ ಕರೆಂಟಿಲ್ಲ ಅಂತ ಮುಂದಿನ ವಾರ ಬನ್ನಿ ಅನ್ನೋರು. ಕಣದಲ್ಲಿ ಕಾಫಿ ಹರಡಿರೋ ಫೋಟೊ ಇದೆ ನೋಡಿ, ಅಜ್ಜಿ ಕೈಯಲ್ಲಿ ಕುಂಟೆ ಹಿಡ್ಕೊಂಡು ನಿಂತಿರೋದು, ಆ ಬಣ್ಣ ಈಗಿನ ಯಾವ ಫೋನಲ್ಲೂ ಬರಲ್ಲ

ಅತ್ತೆ ಶನಿವಾರಸಂತೆ: ಯಾಶಿಕಾ ವಿಷಯ ಎತ್ತಬೇಡ

ದೊಡ್ಡಪ್ಪ: ಹಳೇದು ಬೇಡಮ್ಮ

ಅತ್ತೆ ಶನಿವಾರಸಂತೆ: ಯಾಕೆ ಬೇಡ ದೊಡ್ಡಣ್ಣ? ನನ್ನ ಮದುವೇಲಿ ಫೋಟೊದವನನ್ನ ಕರೆಸೋಣ ಅಂದ್ರೆ ನಮ್ಮದೇ ಕ್ಯಾಮೆರಾ ಇದೆಯಲ್ಲ ಅಂದ್ರಿ. ಚಿಕ್ಕಣ್ಣ ತೆಗೀತಾನೆ ಅಂದ್ರಿ. ಇವತ್ತಿಗೂ ನನ್ನ ಧಾರೆ ಫೋಟೊ ಒಂದಿಲ್ಲ

ಚಿಕ್ಕಪ್ಪ ಸುಂಟಿಕೊಪ್ಪ: ರೀಲು ಸುತ್ತದೇ ಹಿಂದಿನ ಬಾಗಿಲು ತೆಗೆದಿದ್ದು ನಾನಲ್ಲ. ನಾನು ತೆಗೆದು ದೊಡ್ಡಣ್ಣನ ಕೈಗೆ ಕೊಟ್ಟೆ. ಎಷ್ಟು ಸಲ ಹೇಳ್ಬೇಕು

ದೊಡ್ಡಪ್ಪ: ಗುಂಪಲ್ಲಿ ಚಿಕ್ಕ ಮಕ್ಕಳಿದ್ದಾರೆ. ಹಿರಿಯರ ಮೇಲೆ ತಪ್ಪು ಹೊರಿಸೋದು ನಮ್ಮ ಮನೆ ಪದ್ಧತಿ ಅಲ್ಲ.

ಬಾವ ಬೆಂಗಳೂರು: ವಿಷಯಕ್ಕೆ ಬರೋಣ್ವಾ. 108 ಮೆಗಾಪಿಕ್ಸೆಲ್ ಅಂತ ಇದೆಯಲ್ಲ, ಅದು ಸರಿಯಾ

ನಾನು: ಅಂಕಿ ಸರಿ ಇರ್ಬಹುದು ಬಾವ, ಅದರಿಂದ ಹೇಳೋ ಮಾತು ತಪ್ಪು. ಫೋನಿನ ಸೆನ್ಸರ್ (ಬೆಳಕು ಹಿಡಿಯೋ ಚಿಪ್) ಕಿರುಬೆರಳ ಉಗುರಿನಷ್ಟು, ಕ್ಯಾನನ್ ಎಪಿಎಸ್-ಸಿ (ಮಾಮೂಲಿ ಬಾಡಿಗಳ ಸೆನ್ಸರ್ ಅಳತೆ) ಡಿಎಸ್‌ಎಲ್‌ಆರ್‌ದು 22.3 ಮಿಮೀ ಅಗಲ 14.9 ಮಿಮೀ ಎತ್ತರ. ಅಷ್ಟು ಸಣ್ಣ ಜಾಗದಲ್ಲಿ 108 ತುರುಕಿದ್ರೆ ಒಂದೊಂದು ಪಿಕ್ಸೆಲ್ಲಿಗೂ ಬೀಳೋ ಬೆಳಕು ಕಮ್ಮಿ, ಅದಕ್ಕೇ ಆ ಫೋನುಗಳು ಮಾಮೂಲಿ ಫೋಟೊಗೆ ಒಂಬತ್ತು ಪಿಕ್ಸೆಲ್ ಸೇರಿಸಿ ಒಂದು ಮಾಡಿ 12 ಮೆಗಾಪಿಕ್ಸೆಲ್ ಫೋಟೊನೇ ಕೊಡೋದು. ಹಗಲಲ್ಲಿ ಅಂಗಳದಲ್ಲಿ ಫೋನೇ ಸಾಕು, ಅದನ್ನ ನಾನು ಒಪ್ತೀನಿ. ಪುಟ್ಟಿ, ನಿಂಗೆ ಯಾಕೆ ಬೇಕು ಅಂತ ಹೇಳು ಮೊದ್ಲು, ಅದು ಗೊತ್ತಾಗದೆ ಯಾವ ಮಾಡೆಲ್ ಅಂತ ಮಾತಾಡಿ ಉಪಯೋಗ ಇಲ್ಲ

ಪುಟ್ಟಿ: ಎರಡೇ ಅಣ್ಣ. ತೋಟದ ಹಕ್ಕಿಗಳು, ಹಿಂದಿನ ಅತ್ತಿ ಮರಕ್ಕೆ ಮಂಗಟ್ಟೆ ಬರುತ್ತಲ್ಲ ಅದು. ಆಮೇಲೆ ಮಡಿಕೇರಿ ದಸರಾ ಮಂಟಪಗಳು. ಅಂಗಡೀಲಿ ಕ್ಯಾನನ್ 1500ಡಿ ಹೇಳಿದ್ರು, ಎರಡು ಲೆನ್ಸು 18-55 ಮಿಮೀ ಮತ್ತೆ 55-250 ಮಿಮೀ, ಬ್ಯಾಗು ಟ್ರೈಪಾಡ್ ಫ್ರೀ ಅಂತ

ಅಣ್ಣ ಸೋಮವಾರಪೇಟೆ: ಮಂಗಟ್ಟೆ ಈಗ್ಲೂ ಬರುತ್ತಾ!! ನಾವು ಚಿಕ್ಕೋರಿದ್ದಾಗ ಅದರ ರೆಕ್ಕೆ ಸದ್ದು ಕೇಳ್ಸಿದ್ರೆ ಊಟ ಬಿಟ್ಟು ಓಡ್ತಿದ್ವಿ

ನಾನು: ಪುಟ್ಟಿ ಇದು ಉದ್ದ ಆಗುತ್ತೆ, ಪೂರ್ತಿ ಓದು. ನೀನು ಹೇಳಿದ ಎರಡೂ ಕೆಲಸ ಒಂದೇ ಲೆನ್ಸಲ್ಲಿ ಆಗಲ್ಲ. ಮಂಗಟ್ಟೆಗೆ ಉದ್ದದ ಲೆನ್ಸ್ ಬೇಕು, ಮಿಮೀ ಜಾಸ್ತಿ ಆದಷ್ಟೂ ದೂರದ್ದು ಹತ್ತಿರ ಕಾಣುತ್ತೆ. 55-250ರ 250 ಆ ಸೆನ್ಸರ್ ಮೇಲೆ 1.6 ಪಟ್ಟು ಆಗಿ ಫುಲ್ ಫ್ರೇಮಿನ (ಹಳೇ ರೀಲಿನಷ್ಟು ದೊಡ್ಡ ಸೆನ್ಸರ್) 400 ಮಿಮೀ ಥರ ಕಾಣುತ್ತೆ, ಮಂಗಟ್ಟೆಯಂಥ ದೊಡ್ಡ ಹಕ್ಕಿಗೆ ಸಾಕು, ಸೂರಕ್ಕಿಯಂಥ ಪುಟಾಣಿಗೆ ನೀನೇ ಹತ್ತಿರ ಹೋಗ್ಬೇಕು. ಅದರಲ್ಲೂ ಹಳೇ ಐಎಸ್ 2 ಬದ್ಲು ಎಸ್‌ಟಿಎಂ ಅಂತ ಬರೆದಿರೋದನ್ನ ತಗೋ, ಫೋಕಸ್ ಬೇಗ, ಸದ್ದಿಲ್ಲ. ಲೆನ್ಸಲ್ಲಿ ಐಎಸ್ ಇದೆ ಅಲ್ಲಾಡಲ್ಲ ಅಂತಾರಲ್ಲ, ಅದು ನಿನ್ನ ಕೈ ನಡುಗೋದನ್ನ ಮಾತ್ರ ತಡೆಯುತ್ತೆ, ಹಕ್ಕಿ ಅಲ್ಲಾಡಿದ್ರೆ ಅದೇನೂ ಮಾಡಲ್ಲ. ಕೂತಿರೋ ಹಕ್ಕಿಗೆ 1/400 ಸೆಕೆಂಡು, ಹಾರೋದಕ್ಕೆ 1/1000ಕ್ಕಿಂತ ವೇಗದ ಶಟರ್ ಇಡು, ಸಿಲ್ವರ್ ಮರದ ನೆರಳಲ್ಲಿ ಬೆಳಕು ಕಮ್ಮಿ ಅಂತ ಐಎಸ್‌ಒ (ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಅನ್ನೋ ಅಂಕಿ) 1600, 3200ಕ್ಕೆ ಏರಿಸೋಕೆ ಹೆದರಬೇಡ, ಸ್ವಲ್ಪ ನಾಯ್ಸ್, ಅಂದ್ರೆ ಚುಕ್ಕಿ ಚುಕ್ಕಿ, ಬಂದ್ರೂ ಪರವಾಗಿಲ್ಲ, ಫೋಟೊ ಶೇಕ್ ಆದ್ರೆ ಏನೂ ಮಾಡಕ್ಕಾಗಲ್ಲ

ನಾನು: ಮಂಟಪದ್ದು ಬೇರೆ ಕಥೆ. ರಾತ್ರಿಯೆಲ್ಲಾ ಹೋಗೋ ಮೆರವಣಿಗೆ, ಹೊಗೆ, ಲೈಟು, ದೇವರ ಮೂರ್ತಿಗಳು ಕೈಯೆತ್ತಿ ತಿರುಗ್ತಾ ಇರ್ತವೆ. 18-55ರಲ್ಲಿ ಜೂಮ್ ಮಾಡಿದ್ರೆ ಎಫ್ 5.6, ಈ ಅಂಕಿ ಕಮ್ಮಿ ಇದ್ದಷ್ಟೂ ಬೆಳಕು ಜಾಸ್ತಿ. 50 ಮಿಮೀ ಎಫ್ 1.8 ಲೆನ್ಸ್ ಹಾಕಿದ್ರೆ ಅದಕ್ಕಿಂತ ಒಂಬತ್ತೂವರೆ ಪಟ್ಟು ಜಾಸ್ತಿ ಬೆಳಕು ಒಳಗೆ ಬರುತ್ತೆ. ಅಂದ್ರೆ ಆ 18-55ರಲ್ಲಿ 1/8 ಸೆಕೆಂಡಿಗೆ ತೆಗೆದು ಮಸುಕಾಗೋ ಮೂರ್ತಿ ಇದರಲ್ಲಿ 1/80ಕ್ಕೆ ನಿಂತ ಹಾಗೆ ಬರುತ್ತೆ. ಕ್ಯಾನನ್ ಲೆನ್ಸುಗಳಲ್ಲಿ ತೀರಾ ಅಗ್ಗದವುಗಳಲ್ಲಿ ಇದೂ ಒಂದು. ತೊಂದರೆ ಒಂದೇ, ಜೂಮ್ ಇಲ್ಲ, 80 ಮಿಮೀ ಥರ ಕಾಣುತ್ತೆ, ಇಡೀ ಮಂಟಪ ಹಿಡಿಸ್ಬೇಕಂದ್ರೆ ಜನರ ಮಧ್ಯೆ ಹಿಂದೆ ಹಿಂದೆ ಹೋಗ್ಬೇಕು

ದೊಡ್ಡಪ್ಪ: ದೇವರ ಮೆರವಣಿಗೆಯನ್ನ ಕಣ್ಣಲ್ಲಿ ನೋಡಬೇಕು. ಈಗ ಎಲ್ಲರೂ ಫೋನ್ ಎತ್ತಿ ಹಿಡಿದು ಹಿಂದಿನವರಿಗೆ ಮಂಟಪವೇ ಕಾಣಲ್ಲ.

ಪುಟ್ಟಿ: ಅಣ್ಣ ಹಾಗಾದ್ರೆ ನಿಕಾನ್ ಬೇಡ್ವಾ? ಆಫೀಸಲ್ಲಿ ಒಬ್ರು ನಿಕಾನೇ ಬೆಸ್ಟ್ ಅಂತಾರೆ, ಹಳೇ ಲೆನ್ಸೆಲ್ಲಾ ಆಗುತ್ತಂತೆ

ನಾನು: ನಿಕಾನೂ ಚೆನ್ನಾಗಿದೆ. ಆದ್ರೆ ಆ ‘ಹಳೇ ಲೆನ್ಸೆಲ್ಲಾ ಆಗುತ್ತೆ’ ಅನ್ನೋ ಮಾತಲ್ಲೇ ಹೊಸಬರು ಸಿಕ್ಕಿ ಬೀಳೋದು. ಡಿ3500, ಡಿ5600 ಬಾಡಿ ಒಳಗೆ ಫೋಕಸ್ ಮೋಟರ್ ಇಲ್ಲ. ಅಗ್ಗ ಅಂತ ಎಎಫ್-ಡಿ ಅನ್ನೋ ಹಳೇ ಥರದ 50 ಮಿಮೀ ಲೆನ್ಸ್ ತಗೊಂಡ್ರೆ ಕೂರುತ್ತೆ, ಫೋಟೊನೂ ಬರುತ್ತೆ, ಆದ್ರೆ ಫೋಕಸ್ ಕೈಯಲ್ಲೇ ತಿರುಗಿಸ್ಬೇಕು. ಲೆನ್ಸಲ್ಲೇ ಮೋಟರ್ ಇರೋ ಎಎಫ್-ಎಸ್ ಇಲ್ಲಾ ಎಎಫ್-ಪಿ ಅಂತ ಇರ್ಬೇಕು. ಕ್ಯಾನನ್‌ನಲ್ಲಿ ಈ ತಲೆನೋವಿಲ್ಲ, ಇಎಫ್ ಲೆನ್ಸುಗಳಿಗೆ ಮೋಟರ್ ಲೆನ್ಸ್ ಒಳಗೇ ಇರುತ್ತೆ

ಬಾವ ಬೆಂಗಳೂರು: ಮಿರರ್‌ಲೆಸ್ ಯಾಕೆ ಬೇಡ? ಮುಂದೆ ಲೆನ್ಸೆಲ್ಲಾ ವೇಸ್ಟ್ ಆದ್ರೆ? ಇದಕ್ಕೆ ಆಧಾರ ಕೊಡಿ

ನಾನು: ದುಡ್ಡು ಜಾಸ್ತಿ ಇದ್ರೆ ಮಿರರ್‌ಲೆಸ್ಸೇ ತಗೊಳ್ಳಿ ಅಂತೀನಿ, ಎಷ್ಟೋ ಮಾಡೆಲ್ಲು ಹಕ್ಕಿ ಕಣ್ಣನ್ನ ತಾನೇ ಹುಡ್ಕಿ ಫೋಕಸ್ ಮಾಡುತ್ತೆ. ಪುಟ್ಟಿ ಬಜೆಟ್ಟಿಗೆ ಬಾಡಿ ಬಂದು ಲೆನ್ಸಿಗೆ ಏನೂ ಉಳಿಯಲ್ಲ, ಅದು ನಂಗೆ ಇಷ್ಟ ಇಲ್ಲ. ಮೊದಲ ಕ್ಯಾಮೆರಾದಲ್ಲಿ ದುಡ್ಡು ಲೆನ್ಸಿಗೆ ಹೋಗ್ಬೇಕು, ಬಾಡಿ ಸೆಕೆಂಡ್ ಹ್ಯಾಂಡ್ ಆದ್ರೂ ನಡೆಯುತ್ತೆ. ವೇಸ್ಟ್ ಆಗೋ ಪ್ರಶ್ನೆನೇ ಇಲ್ಲ, ಕ್ಯಾನನ್ನೇ ಮಾಡಿರೋ ಇಎಫ್-ಇಒಎಸ್ ಆರ್ ಅಡಾಪ್ಟರ್ ಇದೆ, ಇವತ್ತು ತಗೊಂಡ 55-250, 50 ಎರಡೂ ನಾಳೆ ಅವರ ಮಿರರ್‌ಲೆಸ್ ಬಾಡಿ ಮೇಲೆ ಆಟೋಫೋಕಸ್ ಸಮೇತ ಓಡುತ್ತೆ

ಬಾವ ಬೆಂಗಳೂರು: ಇದನ್ನ ಒಪ್ಪಿದೆ

ಚಿಕ್ಕಪ್ಪ ಸುಂಟಿಕೊಪ್ಪ: ಸೆಕೆಂಡ್ ಹ್ಯಾಂಡಾ? ನಮ್ಮನೇಗೆ ಯಾವತ್ತೂ ಹಳೇದು ತಂದಿಲ್ಲ

ಅತ್ತೆ ಶನಿವಾರಸಂತೆ: ಜೀಪ್ ಏನು ಶೋರೂಮಿಂದ ಬಂದಿದ್ದಾ ಚಿಕ್ಕಣ್ಣ

ಚಿಕ್ಕಪ್ಪ ಸುಂಟಿಕೊಪ್ಪ: ಜೀಪು ಬೇರೆ

ನಾನು: ಚಿಕ್ಕಪ್ಪ, ನಿಮ್ಮ ಚಿಂತೆ ನಂಗರ್ಥ ಆಗುತ್ತೆ, ಮಗಳ ದುಡ್ಡು ಹಾಳಾಗಬಾರ್ದು ಅಂತ. ನಮ್ಮೂರಲ್ಲಿ ಅದು ನಿಜವಾಗ್ಲೂ ಹಾಳಾಗೋದು ಎಲ್ಲಿ ಗೊತ್ತಾ, ಫಂಗಸ್ಸಲ್ಲಿ. ಜೂನಿಂದ ಸೆಪ್ಟೆಂಬರ್ ತನಕ ಬೀರುವಲ್ಲಿರೋ ಚಪ್ಪಲಿಗೇ ಬೂಷ್ಟು ಬರುತ್ತೆ, ಲೆನ್ಸ್ ಬಿಡುತ್ತಾ. ನನ್ನ ಸ್ನೇಹಿತರೊಬ್ಬರ ಲೆನ್ಸ್ ತೆಗೆದು ತೋರ್ಸಿದ್ರು, ಮುಂದಿಂದ ನೋಡಿದ್ರೆ ಫಳಫಳ ಅಂತಿತ್ತು, ಹಿಂದಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿದ್ರೆ ಗಾಜಿನ ಅಂಚಿಂದ ಒಳಕ್ಕೆ ಬಿಳೀ ಎಳೆಗಳು ಕವಲೊಡ್ಕೊಂಡು ಹೋಗಿದ್ವು. ಹಾಗೇ ಬಿಟ್ರೆ ಆ ಬೂಷ್ಟು ಗಾಜಿನ ಕೋಟಿಂಗನ್ನೇ ತಿನ್ನುತ್ತೆ, ಆಮೇಲೆ ಕ್ಲೀನ್ ಮಾಡ್ಸಿದ್ರೂ ಕಲೆ ಹೋಗಲ್ಲ

ದೊಡ್ಡಪ್ಪ: ಅದಕ್ಕೆ ಒಲೆ ಮೇಲಿನ ಅಟ್ಟದಲ್ಲಿ ಇಡಬೇಕು. ಬೆಚ್ಚಗಿರುತ್ತೆ. ನಮ್ಮ ಕಾಲದಲ್ಲಿ ಬಿತ್ತನೆ ಬೀಜವೆಲ್ಲ ಅಲ್ಲೇ ಇಡ್ತಿದ್ದದ್ದು.

ನಾನು: ಬೇಡ ದೊಡ್ಡಪ್ಪ, ಬೀಜಕ್ಕೆ ಸರಿ, ಕ್ಯಾಮೆರಾಗೆ ಹೊಗೆ ಜಿಡ್ಡು ಒಳಗೆ ಹೋಗುತ್ತೆ, ಬಿಸಿಗೆ ಒಳಗಿನ ಗ್ರೀಸೂ ಕರಗುತ್ತೆ. ಅಕ್ಕಿ ಡಬ್ಬಿಯಲ್ಲೂ ಬೇಡ, ಹುಡಿ ಕೂರುತ್ತೆ. ಗಾಳಿ ಹೋಗದ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ತೇವ ತೋರ್ಸೋ ಪುಟ್ಟ ಮೀಟರ್ ಒಂದು. ಮೀಟರ್ 40ರಿಂದ 50 ಪರ್ಸೆಂಟ್ ಒಳಗಿರ್ಬೇಕು. ನೀಲಿ ಜೆಲ್ ಗುಲಾಬಿ ಆದ್ರೆ ಬಾಣಲೆಯಲ್ಲಿ ಸಣ್ಣ ಉರೀಲಿ ಬಿಸಿ ಮಾಡಿ ಮತ್ತೆ ನೀಲಿ ಆದ್ಮೇಲೆ ಹಾಕು, ಆ ಬಾಣಲೆ ಮತ್ತೆ ಅಡಿಗೆಗೆ ಬೇಡ. ಅಂಗಡಿಯವ್ರು ಫ್ರೀ ಕೊಡೋ ಬ್ಯಾಗಲ್ಲಿ ಮಳೆಗಾಲ ಪೂರ್ತಿ ಮುಚ್ಚಿಡೋದಂತೂ ಮಾಡ್ಬೇಡ

ಅಣ್ಣ ಸೋಮವಾರಪೇಟೆ: ಯಾಶಿಕಾ ಹಾಳಾಗಿದ್ದೂ ಹಾಗೇ ಇರ್ಬೇಕು, ಆ ಚರ್ಮದ ಕವರಲ್ಲಿ

ದೊಡ್ಡಪ್ಪ: ಆಮೇಲೆ ನೋಡ್ತೀನಿ ಅದು ಎಲ್ಲಿದೆ ಅಂತ.

ಪುಟ್ಟಿ: ಅಣ್ಣ ಸೆಕೆಂಡ್ ಹ್ಯಾಂಡಾದ್ರೆ 1500ಡಿನೇ ನೋಡ್ಲಾ? ಇನ್ನೊಂದು 3000ಡಿ ಕೂಡ ಇದೆ ಅಂದ್ರು

ನಾನು: 3000ಡಿ ಬೇಡ, 18 ಮೆಗಾಪಿಕ್ಸೆಲ್, ಲೆನ್ಸ್ ಕೂರೋ ಮೌಂಟೂ ಪ್ಲಾಸ್ಟಿಕ್. 200ಡಿ ಮಾರ್ಕ್ 2 ಸಿಕ್ರೆ ಅದೇ ತಗೋ, ಸ್ಕ್ರೀನ್ ಮುಟ್ಟಿದ್ರೆ ಅಲ್ಲೇ ಫೋಕಸ್ ಆಗುತ್ತೆ, ಸ್ಕ್ರೀನ್ ತಿರುಗುತ್ತೆ, ಮಂಟಪದ ಗುಂಪಲ್ಲಿ ಕೈ ಮೇಲೆತ್ತಿ ತೆಗೆಯೋಕೆ ಅದೇ ಬೇಕು. ಸಿಗ್ಲಿಲ್ಲ ಅಂದ್ರೆ 1500ಡಿ. ಬಿಲ್ ಕೇಳು, ಬಿಲ್ಲಲ್ಲಿರೋ ಸೀರಿಯಲ್ ನಂಬರ್ ಬಾಡಿ ಮೇಲಿರೋದಕ್ಕೆ ಹೊಂದುತ್ತಾ ನೋಡು. ಬಿಳೀ ಗೋಡೆಗೆ ಎಫ್ 16ರಲ್ಲಿ ಒಂದು ಫೋಟೊ ತೆಗಿ, ಕಪ್ಪು ಚುಕ್ಕೆ ಕಂಡ್ರೆ ಸೆನ್ಸರ್ ಮೇಲೆ ಧೂಳು, ಅದು ಕ್ಲೀನ್ ಮಾಡ್ಸಿದ್ರೆ ಹೋಗುತ್ತೆ. ಲೆನ್ಸ್ ಒಳಗೆ ಎಳೆ ಕಂಡ್ರೆ ಮಾತ್ರ ಎಷ್ಟು ಕಮ್ಮಿ ಮಾಡಿದ್ರೂ ಬೇಡ

ಚಿಕ್ಕಪ್ಪ ಸುಂಟಿಕೊಪ್ಪ: ಟಾರ್ಚ್ ಬಿಟ್ಟು ನಾನೇ ನೋಡ್ತೀನಿ. ಒಬ್ಬಳನ್ನೇ ಮೈಸೂರಿಗೆ ಕಳಿಸಲ್ಲ. ಆ ಫಾರ್ವರ್ಡ್ ಬಗ್ಗೆ ನಾನು ಹೇಳಿದ್ದು ಪೂರ್ತಿ ತಪ್ಪು ಅಂತ ಯಾರೂ ತಿಳ್ಕೋಬೇಡಿ

ಬಾವ ಬೆಂಗಳೂರು: ಪ್ಲಾಂಟರ್ಸ್ ಗುಂಪಲ್ಲೂ ಸರಿ ಮಾಡಿ ಹಾಕಿ ಮಾವ

ಚಿಕ್ಕಪ್ಪ ಸುಂಟಿಕೊಪ್ಪ: ನೋಡೋಣ

ಪುಟ್ಟಿ: ಅಣ್ಣ ಎರಡು ಲೆನ್ಸಿಗೂ ಒಟ್ಟಿಗೆ ಆಗಲ್ಲ, ಯಾವುದು ಮೊದ್ಲು

ನಾನು: 55-250 ಮೊದ್ಲು, ಹಕ್ಕಿ ದಿನಾ ಬರುತ್ತೆ. 50ನ್ನ ದಸರಾಕ್ಕೆ ಮುಂಚೆ ತಗೊಂಡ್ರೆ ಸಾಕು

ಪುಟ್ಟಿ: ಸರಿ. ಅಪ್ಪ ಭಾನುವಾರ ಬೆಳಿಗ್ಗೆ ಬೇಗ ಹೊರಡೋಣ, ಟಾರ್ಚಿಗೆ ಸೆಲ್ ಹಾಕ್ಸಿ